ಬಿಸಿಲಿಗೊಂದು ತೆರೆ

ಅರಸರಿಗೆ ಇತಿಹಾಸವುಂಟು, ಯುದ್ಧಗಳಿಗೆ ಇತಿಹಾಸವುಂಟು. ಮನೆಯ ಕಿಟಕಿಗೂ ಒಂದು ಇತಿಹಾಸವುಂಟೆಂದರೆ ಶ್ರೋತೃಗಳು ನಕ್ಕಾರು. ಆದರೆ ಮನುಷ್ಯನು ತನ್ನ ಆಯುಷ್ಯದ ಬಹುಭಾಗವನ್ನು ಕಳೆಯುವುದು ರಣರಂಗದಲ್ಲಲ್ಲ, ನಾಲ್ಕು ಗೋಡೆಗಳ ನಡುವೆ. ಆ ಗೋಡೆಯಲ್ಲಿ ಅವನು ಕೊರೆದ ಕಂಡಿಯು ಅವನ ಬುದ್ಧಿಯನ್ನೂ ಅವನ ನಾಡಿನ ಹವೆಯನ್ನೂ ಒಟ್ಟಿಗೆ ಹೇಳಬಲ್ಲುದು. ಸಂಸ್ಕೃತದಲ್ಲಿ ಕಿಟಕಿಗೆ ಗವಾಕ್ಷವೆಂದು ಹೆಸರು, ಎಂದರೆ ಆಕಳ ಕಣ್ಣು. ವಾತಾಯನವೆಂದೂ ಹೆಸರು, ಎಂದರೆ ಗಾಳಿಯ ದಾರಿ. ಇಂಗ್ಲಿಷರ ವಿಂಡೋ ಎಂಬ ಮಾತು ಸ್ಕ್ಯಾಂಡಿನೇವಿಯದ ಹಳೆಯ ನುಡಿಯಿಂದ ಬಂದುದು; ಅಲ್ಲಿ ಅದರ ಅರ್ಥ ಗಾಳಿಯ ಕಣ್ಣು ಎಂದು. ನಮ್ಮ ಹಳ್ಳಿಗರು ಮಾಳಿಗೆಯ ಕಂಡಿಯನ್ನು ಬೆಳಕಿಂಡಿ ಎಂದರು. ಗಾಳಿ, ಬೆಳಕು, ನೋಟ ಈ ಮೂರೂ ಈ ಹೆಸರುಗಳಲ್ಲಿ ಬಂದಿವೆ. ಗಾಜಿನ ಮಾತು ಮಾತ್ರ ಯಾವುದರಲ್ಲಿಯೂ ಇಲ್ಲ. ಏಕೆಂದರೆ ಈ ಹೆಸರುಗಳು ಹುಟ್ಟಿದಾಗ ಕಿಟಕಿಗೆ ಗಾಜಿರಲಿಲ್ಲ. ಈ ಸಣ್ಣ ಸಂಗತಿಯನ್ನು ದಯವಿಟ್ಟು ನೆನಪಿನಲ್ಲಿಡಬೇಕು; ನನ್ನ ಮಾತೆಲ್ಲ ಕೊನೆಗೆ ಅದರ ಮೇಲೆಯೇ ನಿಲ್ಲುತ್ತದೆ.

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದುದು ಗ್ರಂಥಗಳಿಂದಲ್ಲ, ಗೋಕಾಕ ಫಾಲ್ಸಿನ ಒಂದು ಪಡುವಣ ಕೋಣೆಯಿಂದ. ಘಟಪ್ರಭಾ ನದಿಯು ಮರಳುಗಲ್ಲಿನ ಬಂಡೆಯ ಮೇಲಿಂದ ಸುಮಾರು 170 ಅಡಿ ಕೆಳಕ್ಕೆ ಧುಮುಕುವ ಆ ಸ್ಥಳವನ್ನು ಮಳೆಗಾಲದಲ್ಲಿ ನೋಡಿದವರು ಬಹಳ ಮಂದಿ. ಬೇಸಗೆಯಲ್ಲಿ ನೋಡಿದವರು ಕಡಮೆ. ಏಪ್ರಿಲ್ ತಿಂಗಳಲ್ಲಿ ನದಿಯು ಸೊರಗಿ, ಬಂಡೆಗಳು ಕಾದು, ಊರಿಗೆ ಊರೇ ಕಾವಲಿಯಂತಾಗಿರುತ್ತದೆ. ಅಲ್ಲಿ ನನ್ನ ಸೋದರಮಾವನವರ ಮನೆಯುಂಟು. ಗಿರಣಿಯಲ್ಲಿ ಬಹುಕಾಲ ದುಡಿದು ನಿವೃತ್ತರಾದವರು ಅವರು. ಭೋಂಗಾ ಕೂಗಿದೊಡನೆ ಎದ್ದು ಅಭ್ಯಾಸವಾಗಿದ್ದ ದೇಹಕ್ಕೆ ಬಿಡುವೆಂಬುದು ಒಗ್ಗದೆ, ಹಿತ್ತಲ ಕಡೆಯ ಪಡಸಾಲೆಯಲ್ಲಿ ಒಂದು ಮಣೆ, ಎರಡು ಗರಗಸ, ಒಂದು ತೋಪಡ, ನಾಲ್ಕಾರು ಉಳಿಗಳನ್ನು ಕೂಡಿಸಿಕೊಂಡು ಮರಗೆಲಸಕ್ಕೆ ತೊಡಗಿದ್ದರು. ಆ ವರ್ಷ ನನ್ನ ಅತ್ತೆಯವರಿಗೆ ಕಣ್ಣಿನ ಪೊರೆಯನ್ನು ತೆಗೆಯಿಸಿ ಮನೆಗೆ ಕರೆತಂದಿದ್ದರು. ಅವರಿದ್ದ ಕೋಣೆಯ ಕಿಟಕಿ ಪಡುವಣಕ್ಕೆ ಮುಖಮಾಡಿತ್ತು. ಮೂರು ಗಂಟೆಯಾಯಿತೆಂದರೆ ಬಿಸಿಲು ಗಾಜಿನ ಮೂಲಕ ನೇರವಾಗಿ ಹಾಸಿಗೆಯ ಮೇಲೆ ಬೀಳುವುದು. ಅವರ ಕಣ್ಣಿಗೆ ಅದು ಸೂಜಿಯಂತೆ ಚುಚ್ಚುವುದು. ಬಾಗಿಲು ಹಾಕಿದರೆ ಉಸಿರು ಕಟ್ಟುವುದು. ದಪ್ಪ ಬಟ್ಟೆಯನ್ನು ಇಳಿಬಿಟ್ಟರೆ ಕೋಣೆಯು ಹಗಲಿನಲ್ಲಿಯೇ ರಾತ್ರಿಯಾಗಿ, ಗಾಳಿಯೂ ನಿಂತುಹೋಗುವುದು. ತಿಂಗಳುಗಟ್ಟಲೆ ಕತ್ತಲೆಯಲ್ಲಿದ್ದು ಈಗ ತಾನೆ ನೋಟವನ್ನು ಮರಳಿ ಪಡೆದ ಒಂದು ಜೀವವನ್ನು ಮತ್ತೆ ಕತ್ತಲೆಯಲ್ಲಿ ಕೂಡಿಸಬೇಕೆ? ಮಾವನವರ ಮುಂದಿದ್ದ ಪ್ರಶ್ನೆ ಇದು.

ವಿಚಾರಿಸಿ ನೋಡಿದರೆ ಈ ಪ್ರಶ್ನೆಯು ಹೊಸತಲ್ಲ. ಕಿಟಕಿಯು ಮೂರನ್ನು ಒಳಗೆ ಬಿಡಬೇಕು: ಗಾಳಿ, ಬೆಳಕು, ನೋಟ. ಮೂರನ್ನು ಹೊರಗೆ ತಡೆಯಬೇಕು: ಬಿಸಿಲು, ಮಳೆ, ಪರರ ದೃಷ್ಟಿ. ಬೆಳಕನ್ನು ಬಿಟ್ಟು ಬಿಸಿಲನ್ನು ತಡೆಯುವುದೇ ಇವುಗಳಲ್ಲಿ ಕಠಿಣವಾದುದು, ಏಕೆಂದರೆ ಎರಡೂ ಒಂದೇ ಸೂರ್ಯನಿಂದ ಬರುವಂಥವು. ನಮ್ಮ ಶಿಲ್ಪಿಗಳು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಇದಕ್ಕೆ ಕಲ್ಲಿನಲ್ಲಿ ಉತ್ತರವನ್ನು ಬರೆದಿಟ್ಟಿದ್ದಾರೆ. ಘಟಪ್ರಭೆಯ ನೆರೆಯ ನದಿಯಾದ ಮಲಪ್ರಭೆಯ ದಂಡೆಯಲ್ಲಿ ಐಹೊಳೆಯುಂಟು. ಅಲ್ಲಿಯ ಲಾಡಖಾನ್ ಗುಡಿಯ ಗೋಡೆಗಳಲ್ಲಿ, ದುರ್ಗದ ಗುಡಿಯ ಗೋಡೆಗಳಲ್ಲಿ ಕಲ್ಲಿನ ಹಲಗೆಗಳನ್ನು ಬಗೆಬಗೆಯ ವಿನ್ಯಾಸಗಳಲ್ಲಿ ಕೊರೆದು ಮಾಡಿದ ಜಾಲಂಧ್ರಗಳಿವೆ. ಪಟ್ಟದಕಲ್ಲಿನಲ್ಲಿ ಎಂಟನೆಯ ಶತಮಾನದಲ್ಲಿ ಲೋಕಮಹಾದೇವಿಯು, ತನ್ನ ಪತಿ ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದುದರ ನೆನಪಿಗಾಗಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದಲ್ಲಿಯೂ ಅಂಥ ಜಾಲಂಧ್ರಗಳಿವೆ. ಹೊರಗಿನ ಉರಿಬಿಸಿಲಿನಿಂದ ಒಳಗೆ ಕಾಲಿಟ್ಟವನಿಗೆ ಮೊದಲು ಕತ್ತಲೆ ಎನಿಸುತ್ತದೆ; ಕ್ಷಣಕಾಲ ನಿಂತರೆ ಕಂಬದ ಮೇಲಿನ ಶಿಲ್ಪವು ಒಂದೊಂದಾಗಿ ಕಣ್ಣಿಗೆ ಮೂಡುತ್ತದೆ. ಬಿಸಿಲು ಕಲ್ಲಿನ ದಪ್ಪದಲ್ಲಿಯೇ ಸಿಕ್ಕಿಬಿದ್ದು, ಅದರ ಅಂಚುಗಳಿಂದ ಪುಟಿದ ಬೆಳಕು ಮಾತ್ರ ಒಳಗೆ ಬಂದಿರುತ್ತದೆ.

ಬೇಲೂರಿನ ಸಂಗತಿಯು ಇನ್ನೂ ಸ್ವಾರಸ್ಯವಾಗಿದೆ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯದ ಮಂಟಪವು ಮೊದಲು ತೆರೆದ ಮಂಟಪವೇ ಆಗಿತ್ತು. ಇಂದು ಯಾತ್ರಿಕರು ಮೆಚ್ಚಿ ನೋಡುವ ಜಾಲಂಧ್ರಗಳನ್ನು ಕಂಬಗಳ ನಡುವೆ ಸೇರಿಸಿದುದು ಮುಂದಿನ ತಲೆಮಾರುಗಳಲ್ಲಿ. ಒಂದರಲ್ಲಿ ಅರಸನ ಓಲಗ, ಇನ್ನೊಂದರಲ್ಲಿ ಪುರಾಣದ ಕಥೆ, ಮತ್ತೆ ಕೆಲವದರಲ್ಲಿ ನಕ್ಷತ್ರದಾಕಾರದ ರಂಧ್ರಗಳು, ಎಲೆಬಳ್ಳಿಗಳು. ಕಟ್ಟಡವನ್ನು ಮುಗಿಸಿದ ಮೇಲೆಯೂ ಬೆಳಕನ್ನು ತಿದ್ದಬಹುದೆಂದು ಹೊಯ್ಸಳರು ತಿಳಿದಿದ್ದರೆಂಬುದಕ್ಕೆ ಇದೇ ಸಾಕ್ಷಿ. ವಿಜಾಪುರದಲ್ಲಿ 1627ರಲ್ಲಿ ತೀರಿಕೊಂಡ ಎರಡನೆಯ ಇಬ್ರಾಹಿಂ ಆದಿಲಶಾಹನ ರೋಜಾದಲ್ಲಿ ಅರಬ್ಬೀ ಅಕ್ಷರಗಳನ್ನೇ ಹೆಣೆದು ಕಲ್ಲಿನ ಕಿಟಕಿಗಳನ್ನು ಮಾಡಿದ್ದಾರೆ. ಅಲ್ಲಿ ಬೆಳಕು ಅಕ್ಷರಗಳ ನಡುವಿನಿಂದ ಸೋಸಿ ಬರುತ್ತದೆ. ಧರ್ಮವು ಬೇರೆ, ಶೈಲಿಯು ಬೇರೆ, ಕಾಲವು ಬೇರೆ. ಸೂರ್ಯನು ಮಾತ್ರ ಒಬ್ಬನೇ, ಆದುದರಿಂದ ಉತ್ತರವೂ ಒಂದೇ.

ಆದರೆ ಕಲ್ಲಿನ ಜಾಲಂಧ್ರವು ದೇವರಿಗೂ ಸುಲ್ತಾನನಿಗೂ ಸಲ್ಲತಕ್ಕುದು. ಒಕ್ಕಲಿಗನ ಮನೆಯಲ್ಲಿ ಏನಿತ್ತು? ಬೆಳಗಾವಿ, ವಿಜಾಪುರ, ಧಾರವಾಡದ ಸೀಮೆಗಳಲ್ಲಿ ದಪ್ಪನಾದ ಮಣ್ಣಿನ ಗೋಡೆ, ಮೇಲೆ ಮಣ್ಣು ಮುಚ್ಚಿದ ಮಾಳಿಗೆ, ಅದರಲ್ಲೊಂದು ಬೆಳಕಿಂಡಿ, ಗೋಡೆಯಲ್ಲಿ ಮರದ ಸರಳುಗಳುಳ್ಳ ಸಣ್ಣ ಕಿಡಕಿ. ಗೋಡೆಯ ದಪ್ಪವೇ ಅಲ್ಲಿ ಬಿಸಿಲಿಗೆ ತಡೆ. ಕಿಡಕಿಯ ಚೌಕಟ್ಟನ್ನು ಮಾಡಿಕೊಡುತ್ತಿದ್ದವನು ಊರ ಬಡಿಗ. ನಮ್ಮ ಗ್ರಾಮಗಳ ಆಯಗಾರರಲ್ಲಿ ಅವನೂ ಒಬ್ಬ. ನೇಗಿಲು, ಕುಂಟೆ, ಕೂರಿಗೆಗಳನ್ನು ವರ್ಷವೆಲ್ಲ ದುರಸ್ತಾಗಿ ಇಟ್ಟುದಕ್ಕೆ ಸುಗ್ಗಿಯಲ್ಲಿ ಕಣದಿಂದ ಕಾಳನ್ನು ಪಡೆಯುತ್ತಿದ್ದವನು. ಅವನ ಕೈಯಳತೆಯಲ್ಲಿ ಪ್ರತಿಯೊಂದು ಮನೆಯ ಕಿಡಕಿಯೂ ಬೇರೆಬೇರೆಯಾಗಿತ್ತು, ಏಕೆಂದರೆ ಪ್ರತಿಯೊಂದು ಗೋಡೆಯೂ ಬೇರೆಬೇರೆಯಾಗಿತ್ತು.

ಕಲ್ಲು, ಮಣ್ಣುಗಳ ಜೊತೆಗೆ ಹುಲ್ಲಿನ ಉತ್ತರವೊಂದುಂಟು. ಲಾವಂಚದ ಬೇರುಗಳನ್ನು ಬಿದಿರಿನ ಚೌಕಟ್ಟಿಗೆ ಹೆಣೆದು ತಟ್ಟಿಯನ್ನು ಮಾಡಿ, ಬಾಗಿಲು ಕಿಟಕಿಗಳ ಹೊರಗೆ ಕಟ್ಟಿ, ಮೇಲೆ ನೀರನ್ನು ಚಿಮುಕಿಸುತ್ತಿದ್ದರು. ಬಿಸಿಗಾಳಿಯು ಒದ್ದೆ ಬೇರುಗಳ ನಡುವೆ ತೂರಿ ಬರುವಾಗ ನೀರು ಆವಿಯಾಗುತ್ತದೆ. ಆವಿಯಾಗುವುದಕ್ಕೆ ಬೇಕಾದ ಶಾಖವನ್ನು ಅದು ಗಾಳಿಯಿಂದಲೇ ತೆಗೆದುಕೊಳ್ಳುವುದರಿಂದ ಒಳಗೆ ಬರುವ ಗಾಳಿ ತಂಪಾಗಿ, ಪರಿಮಳವಾಗಿ ಇರುತ್ತದೆ. ಈ ದೇಶಕ್ಕೆ ಬಂದ ಆಂಗ್ಲೇಯರೂ ಇದಕ್ಕೆ ಮಾರುಹೋಗಿ ತಮ್ಮ ಬಂಗಲೆಗಳಲ್ಲಿ ತಟ್ಟಿಗೆ ನೀರೆರೆಯುವುದಕ್ಕೆಂದೇ ಆಳುಗಳನ್ನು ಇಟ್ಟುಕೊಂಡಿದ್ದರು.

ಇನ್ನು ಮರದ ಪಟ್ಟಿಗಳ ತೆರೆಯ ವಿಚಾರ. ಅಡ್ಡಲಾಗಿ ಸಾಲಾಗಿ ತೂಗುವ, ಹಗ್ಗವನ್ನೆಳೆದರೆ ಓರೆಯಾಗುವ, ಬೇಡವಾದಾಗ ಮೇಲಕ್ಕೆ ಮಡಿಚಿಕೊಳ್ಳುವ ಈ ತೆರೆಗೆ ಇಂಗ್ಲಿಷರು ವೆನಿಸ್ ನಗರದ ಹೆಸರನ್ನಿಟ್ಟರು. ಅದೇ ಜಾತಿಯ ಪಟ್ಟಿಬಾಗಿಲಿಗೆ ಫ್ರೆಂಚರು ಪರ್ಷಿಯದ ಹೆಸರನ್ನು ಕೊಟ್ಟು ಪರ್ಸಿಯೆನ್ ಎಂದರು. ಅವರದೇ ಇನ್ನೊಂದು ಹೆಸರು ಜಾಲೂಸಿ. ಅದರ ಅರ್ಥ ಮತ್ಸರ. ಒಳಗಿನವರು ಹೊರಗನ್ನು ನೋಡಬಹುದು, ಹೊರಗಿನವರು ಒಳಗನ್ನು ಕಾಣಲಾರರೆಂಬುದರಿಂದ ಈ ಹೆಸರು. ಉತ್ತರ ಹಿಂದೂಸ್ಥಾನದಲ್ಲಿ ಇದು ಝಿಲ್‌ಮಿಲಿ. ಎಲ್ಲರೂ ಇದನ್ನು ತಮಗಿಂತ ಪೂರ್ವದವರಿಂದ ಬಂತೆಂದು ಹೇಳುವುದನ್ನು ನೋಡಿದರೆ, ಬಿಸಿಲಿನ ನಾಡುಗಳಿಂದಲೇ ಇದು ಪಡುವಣಕ್ಕೆ ಪ್ರಯಾಣ ಮಾಡಿರಬೇಕೆಂದು ತೋರುತ್ತದೆ. ಇಂಗ್ಲೆಂಡಿನಲ್ಲಿ 1769ರಲ್ಲಿ ಒಬ್ಬಾತನು ಇದಕ್ಕೆ ರಾಜಮುದ್ರೆಯ ಹಕ್ಕುಪತ್ರವನ್ನು ಪಡೆದನು. ಅಮೆರಿಕದ ನ್ಯೂ ಆರ್ಲಿಯನ್ಸಿನ ಜಾನ್ ಹ್ಯಾಂಪ್ಸನ್ ಎಂಬಾತನು ಪಟ್ಟಿಗಳನ್ನು ಬೇಕಾದ ಓರೆಯಲ್ಲಿ ನಿಲ್ಲಿಸುವ ಉಪಾಯಕ್ಕೆ 1841ರಲ್ಲಿ ಹಕ್ಕುಪತ್ರ ಪಡೆದನು.

ನಮ್ಮಲ್ಲಿ ದಂಡಿನ ಪ್ರದೇಶಗಳ ಬಂಗಲೆಗಳೊಡನೆ ಪಟ್ಟಿಬಾಗಿಲುಗಳು ಹರಡಿದುವು. ಬೆಂಗಳೂರಿನ ಬಡಗಿಗಳು ಇದಕ್ಕೆ ತಮ್ಮದೇ ಆದ ಒಂದು ಸೊಗಸನ್ನು ಸೇರಿಸಿದರು. ಕಿಟಕಿಯ ಮೇಲೆ ಮುಂದಕ್ಕೆ ಚಾಚಿದ, ಚೂಪು ಶಿಖರದ ಮರದ ಮುಸುಕನ್ನು ಹೊದಿಸಿ, ಅದಕ್ಕೆ ಮಂಕಿ ಟಾಪ್ ಎಂಬ ವಿನೋದದ ಹೆಸರು ಬಂದಿತು. ಬೆಳಗಾವಿಯಿಂದ ಘಟ್ಟವಿಳಿದರೆ ಸಿಕ್ಕುವ ಗೋವೆಯಲ್ಲಿ ಮತ್ತೊಂದು ಬಗೆ: ಹಾಳೆಯಂತೆ ತೆಳ್ಳನೆಯ ಕಡಲಚಿಪ್ಪುಗಳನ್ನು ಮರದ ಚೌಕಟ್ಟಿನಲ್ಲಿ ಕೂಡಿಸಿ ಕಿಟಕಿಗಳನ್ನು ಮಾಡುತ್ತಿದ್ದರು. ಅದರ ಮೂಲಕ ಬಂದ ಬೆಳಕು ಹಾಲಿನಂತೆ ಮೃದುವಾಗಿರುತ್ತದೆ. ಇವೆಲ್ಲವೂ ಕೈಗೆಲಸದ ಕಾಲದ ಉತ್ತರಗಳು. ಅನಂತರ ಅಗ್ಗದ ಗಾಜು ಬಂತು. ಗಾಜು ಗಾಳಿಯನ್ನು ತಡೆದು ಬಿಸಿಲನ್ನು ಬಿಟ್ಟಿತು. ಎಂದರೆ ನಮ್ಮ ಹವೆಗೆ ಬೇಕಾದುದಕ್ಕೆ ತೀರ ವಿರುದ್ಧವಾದುದನ್ನು ಮಾಡಿತು. ಚಳಿಯ ನಾಡಿಗೆ ಅದು ವರ. ಗೋಕಾಕದಂಥ ಊರಿನ ಪಡುವಣ ಗೋಡೆಗೆ ಅದು ಒಲೆಯ ಬಾಯಿ.

ಗೋಕಾಕದ ಹೆಸರನ್ನು ಹೇಳಿದ ಮೇಲೆ ಅಲ್ಲಿಯ ಕೈಗಾರಿಕೆಯ ವಿಚಾರವಾಗಿ ಒಂದೆರಡು ಮಾತು ಅವಶ್ಯ. ಪಟ್ಟಿಯ ತೆರೆಗೆ ಬೇಕಾದುವು ಎರಡೇ ವಸ್ತುಗಳು: ಮರ ಮತ್ತು ನೂಲು. ಇವೆರಡಕ್ಕೂ ಆ ಊರು ಹೆಸರಾದುದು. ಒಂದು ಕಾಲಕ್ಕೆ ಅದು ನೇಯ್ಗೆಗೂ ಬಣ್ಣಗಾರಿಕೆಗೂ ದೊಡ್ಡ ಕೇಂದ್ರವಾಗಿತ್ತೆಂದೂ, ಕ್ಷಾಮದಿಂದಲೂ ಯಂತ್ರದ ಬಟ್ಟೆಯ ಪೈಪೋಟಿಯಿಂದಲೂ ಆ ಉದ್ಯೋಗವು ಕುಗ್ಗಿತೆಂದೂ ಹಳೆಯ ಗ್ಯಾಜೆಟಿಯರುಗಳು ಹೇಳುತ್ತವೆ. ಹಗುರವಾದ ಮರದಿಂದಲೂ ಒಂದು ವಿಶೇಷವಾದ ಮಣ್ಣಿನಿಂದಲೂ ಹಣ್ಣುಗಳನ್ನೂ ಬೊಂಬೆಗಳನ್ನೂ ಮಾಡುವ ಕುಶಲಕಲೆಯನ್ನು ಅವೇ ಗ್ರಂಥಗಳು ಹೊಗಳುತ್ತವೆ. ಗೋಕಾಕದ ಮರದ ಹಣ್ಣುಗಳನ್ನು ತಟ್ಟೆಯಲ್ಲಿಟ್ಟರೆ ನಿಜವಾದ ಹಣ್ಣೆಂದು ಕೈಹಾಕದವರಿಲ್ಲ. ಜೀನಗಾರರ ಮನೆಗಳಲ್ಲಿ ಪಡಸಾಲೆಯೇ ಕಾರ್ಖಾನೆ, ಮನೆಮಂದಿಯೇ ಕೆಲಸಗಾರರು. ಇತ್ತ ನೂಲಿನ ಕೆಲಸವು ಕೈಯಿಂದ ಜಾರಿ ಜಲಪಾತದ ಬಳಿಗೆ ಹೋಯಿತು. 1885ರಲ್ಲಿ ಕಂಪನಿಯು ಸ್ಥಾಪಿತವಾಗಿ, 1887ರಲ್ಲಿ ಧುಮುಕುವ ನೀರಿನ ಬಲದಿಂದ ಅಲ್ಲಿ ನೂಲಿನ ಗಿರಣಿಯು ತಿರುಗಲಾರಂಭಿಸಿತು. ಮಗ್ಗವನ್ನು ಕಳೆದುಕೊಂಡ ಸೀಮೆಯಲ್ಲಿ ಸಾವಿರಾರು ಕುಟುಂಬಗಳಿಗೆ ಆ ಗಿರಣಿಯು ಅನ್ನವಾಯಿತೆಂಬುದನ್ನು ಮರೆಯಬಾರದು. ನನ್ನ ಮಾವನವರು ಉಂಡುದೂ ಆ ಅನ್ನವನ್ನೇ. ನೂಲು ಗಿರಣಿಯನ್ನು ಸೇರಿತು, ಮರವು ಮನೆಯಲ್ಲಿಯೇ ಉಳಿಯಿತು. ಮಾವನವರ ಪಡಸಾಲೆಯಲ್ಲಿ ಇವೆರಡೂ ಮತ್ತೆ ಕೂಡಿದುವು.

ಅವರು ಮಾಡಿದ ಬಗೆಯನ್ನು ಕೊಂಚ ವಿವರವಾಗಿಯೇ ಹೇಳುತ್ತೇನೆ. ಕಿಟಕಿಯು 4 ಅಡಿ ಎತ್ತರ, 3 ಅಡಿ ಅಗಲ. ಪಟ್ಟಿಯ ಅಗಲ 2 ಅಂಗುಲ, ದಪ್ಪ ಅಂಗುಲದ ಎಂಟನೆಯ ಒಂದು ಪಾಲು. ಪಟ್ಟಿಗಳು ಮುಚ್ಚಿಕೊಂಡಾಗ ಒಂದರ ಅಂಚು ಇನ್ನೊಂದರ ಮೇಲೆ ಬರಬೇಕಾದುದರಿಂದ, ಪಟ್ಟಿಯಿಂದ ಪಟ್ಟಿಗೆ ಒಂದೂಮುಕ್ಕಾಲು ಅಂಗುಲ ಅಂತರ. ಹೀಗೆ ಲೆಕ್ಕ ಹಾಕಿದರೆ 28 ಪಟ್ಟಿಗಳು ಬೇಕು. ಮರಕ್ಕಾಗಿ ಅವರು ಅಂಗಡಿಗೆ ಹೋಗಲಿಲ್ಲ. ಮನೆಯ ಅಟ್ಟವನ್ನು ಬಿಚ್ಚಿದಾಗ ಉಳಿದ ಹಳೆಯ ಸಾಗುವಾನಿಯ ಹಲಗೆಗಳಿದ್ದುವು. ಹತ್ತಾರು ಬೇಸಗೆಗಳನ್ನು ಕಂಡು ಒಣಗಿದ ಮರವು ಮತ್ತೆ ಸೊಟ್ಟಗಾಗುವುದು ಕಡಮೆ. ತೆಳುಪಟ್ಟಿಯನ್ನು ಸೀಳುವಾಗ ಗರಗಸದ ಬಾಯಿಗೆ ಹೋಗುವ ಮರವು ಕೈಗೆ ಬರುವ ಪಟ್ಟಿಯ ಅರ್ಧದಷ್ಟಾದರೂ ಇರುತ್ತದೆ. ಹೊಟ್ಟಿನ ರಾಶಿಯನ್ನು ನೋಡಿ ಅತ್ತೆಯವರು, ತೆರೆಗಿಂತ ಒಲೆಗೇ ಹೆಚ್ಚು ಲಾಭವಾಯಿತೆಂದರಂತೆ.

ತೆಳುವಾದ ಪಟ್ಟಿಗೆ ತೋಪಡವನ್ನು ಹೊಡೆಯುವುದು ಸುಲಭವಲ್ಲ. ಮುಂದಿನ ತುದಿಗೆ ತಡೆಯಿಟ್ಟು ದೂಡಿದರೆ ಪಟ್ಟಿಯು ನಡುವೆ ಬಿಲ್ಲಿನಂತೆ ಬಾಗಿ ಏಳುತ್ತದೆ. ಮೊದಲ ದಿನವೇ ಮೂರು ಪಟ್ಟಿಗಳು ಹೀಗೆ ಮುರಿದುವು. ಅನಂತರ ಅವರು ಪಟ್ಟಿಯ ಹಿಂದಿನ ತುದಿಯನ್ನು ಮಣೆಗೆ ಬಿಗಿದು, ಅಲ್ಲಿಂದ ಮುಂದಕ್ಕೆ ತೋಪಡವನ್ನು ನಡೆಸಿದರು. ಆಗ ಪಟ್ಟಿಯು ಬಿಗಿಯಾಗಿ ಎಳೆದ ತಂತಿಯಂತೆ ನಿಂತು ಸಮನಾಗಿ ಕೊಡಹತ್ತಿತು. ಎಲ್ಲ ಪಟ್ಟಿಗಳನ್ನೂ ಒಂದೇ ಉದ್ದಕ್ಕೆ ಕೊಯ್ಯಲು ಮಣೆಯ ಮೇಲೆ ಒಂದು ಅಡ್ಡಮರವನ್ನು ನೆಟ್ಟರು. ಹಗ್ಗ ಹೋಗುವ ಸೀಳುಕಂಡಿಗಳು ಒಂದೊಂದು ಪಟ್ಟಿಗೆ ಮೂರು, ಒಟ್ಟು 84. ಅವುಗಳಿಗೆ ಒಂದು ಅಚ್ಚುಪಟ್ಟಿಯನ್ನು ಮಾಡಿಕೊಂಡು, ಅದನ್ನಿಟ್ಟು ಬೈರಿಗೆಯಿಂದ ಕೊರೆದರು. ಕಂಡಿಯ ಅಂಚನ್ನು ಉಜ್ಜಿ ನುಣುಪು ಮಾಡದಿದ್ದರೆ ಹಗ್ಗವು ಬೇಗನೆ ಸವೆದುಹೋಗುತ್ತದೆ.

ಇಷ್ಟಾದ ಮೇಲೆ ಒಂದು ದೊಡ್ಡ ತಪ್ಪಾಯಿತು. ಬಣ್ಣವನ್ನು ಉಳಿಸಬೇಕೆಂದು ಪಟ್ಟಿಯ ಮೇಲ್ಮುಖಕ್ಕೆ ಮಾತ್ರ ಬಣ್ಣ ಹಚ್ಚಿ ಒಣಗಲಿಟ್ಟರು. ವಾರದೊಳಗೆ ಪಟ್ಟಿಗಳೆಲ್ಲ ಹಲಸಿನ ಎಲೆಯಂತೆ ಸುರುಟಿಕೊಂಡುವು. ಬಣ್ಣದ ಮುಖವು ಗಾಳಿಯ ತೇವವನ್ನು ಒಳಗೆ ಬಿಡದು. ಬರಿಯ ಮುಖವು ಹೀರುತ್ತಲೂ ಕಕ್ಕುತ್ತಲೂ ಇರುತ್ತದೆ. ಒಂದು ಮುಖ ಹಿಗ್ಗಿ ಇನ್ನೊಂದು ಹಿಗ್ಗದಿದ್ದರೆ ಪಟ್ಟಿಯು ಬಾಗದೆ ಏನು ಮಾಡೀತು? ಗೋಕಾಕದಲ್ಲಿ ಬೊಂಬೆ ಮಾಡುವ ಪರಿಚಿತರೊಬ್ಬರಿಗೆ ತೋರಿಸಿದಾಗ ಅವರು ನಕ್ಕು, ಮರಕ್ಕೆ ಎರಡು ಮುಖವುಂಟು, ಒಂದಕ್ಕೇ ಸೀರೆ ಉಡಿಸಿದರೆ ಇನ್ನೊಂದು ಮುನಿಸಿಕೊಳ್ಳುತ್ತದೆ ಎಂದರಂತೆ. ಎಷ್ಟೋ ತಲೆಮಾರುಗಳ ಅನುಭವವು ಆ ನಗೆಯಲ್ಲಿತ್ತು. ಎಲ್ಲವನ್ನೂ ಕೆರೆದು, ನೆರಳಿನಲ್ಲಿ ಭಾರ ಹೇರಿ ಚಪ್ಪಟೆ ಮಾಡಿ, ನಾಲ್ಕು ಕಡೆಗೂ ಸಮನಾಗಿ ಎಣ್ಣೆಬಣ್ಣವನ್ನು ಹಚ್ಚಿದ ಮೇಲೆ ಪಟ್ಟಿಗಳು ನೆಟ್ಟಗೆ ನಿಂತುವು.

ಇನ್ನು ನೂಲಿನ ಕೆಲಸ. ಪಟ್ಟಿಗಳನ್ನು ಹೊರುವುದು ಹತ್ತಿಯ ಅಗಲ ದಾರಗಳಿಂದ ಹೊಲಿದ ಏಣಿ. ಮುಂದೊಂದು ದಾರ, ಹಿಂದೊಂದು ದಾರ, ನಡುವೆ ಪ್ರತಿಯೊಂದು ಪಟ್ಟಿಗೂ ಒಂದೊಂದು ಅಡ್ಡಮೆಟ್ಟಿಲು. ಮೂರು ಏಣಿಗಳಿಗೆ 84 ಮೆಟ್ಟಿಲುಗಳು. ಮಡಿಚುವ ಹಗ್ಗವು ನಡುವೆ ನೇರವಾಗಿ ಇಳಿಯಬೇಕಾದುದರಿಂದ ಮೆಟ್ಟಿಲುಗಳನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ಸರಿಸಿ ಹೊಲಿಯಬೇಕು. ಇಲ್ಲಿ ಅಳತೆಯೇ ಪ್ರಾಣ. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಅಳೆಯುತ್ತ ಹೋದರೆ ಎಳ್ಳಿನಷ್ಟು ತಪ್ಪು 28 ಸಲ ಸೇರಿ ಬೆರಳಿನಷ್ಟಾಗುತ್ತದೆ. ಆದುದರಿಂದ ಮೂರು ಏಣಿಗಳ ದಾರಗಳನ್ನೂ ಮಗ್ಗುಲು ಮಗ್ಗುಲಾಗಿ ಹಾಸಿ, ಮೇಲಿನ ತುದಿಯಿಂದಲೇ ಎಲ್ಲಕ್ಕೂ ಒಟ್ಟಿಗೆ ಗುರುತು ಹಾಕಿದರು. ಹೊಲಿದವಳು ಸೊಸೆ. ಗುರುತು ಸರಿಯಾಗಿ ಬಿದ್ದಿದೆಯೆ ಎಂದು ನೋಡಿದವರು ಮಾತ್ರ ಅತ್ತೆಯವರು. ನೋಡಿದವರು ಎಂದೆ, ಕಣ್ಣಿನಿಂದಲ್ಲ. ಒಂದೂಮುಕ್ಕಾಲು ಅಂಗುಲದ ಒಂದು ಮರದ ತುಂಡನ್ನು ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿಕೊಂಡು, ಮೆಟ್ಟಿಲಿನಿಂದ ಮೆಟ್ಟಿಲಿಗೆ ಬೆರಳಾಡಿಸುತ್ತ ಐದು ತಪ್ಪುಗಳನ್ನು ಹಿಡಿದುಕೊಟ್ಟರು. ಕಣ್ಣು ಮಸುಕಾಗಿದ್ದ ವರ್ಷಗಳಲ್ಲಿ ಬೆರಳಿಗೆ ಆ ಸೂಕ್ಷ್ಮ ಬಂದಿತ್ತು.

ಮೇಲಿನ ಪೆಟ್ಟಿಗೆಯಲ್ಲಿ ಒಂದು ದುಂಡನೆಯ ಕೋಲು. ಏಣಿಗಳು ಅದಕ್ಕೆ ಬಿಗಿದಿವೆ. ಕೋಲು ತಿರುಗಿದರೆ ಪಟ್ಟಿಗಳೆಲ್ಲ ಒಟ್ಟಿಗೆ ಓರೆಯಾಗುತ್ತವೆ. ಹಗ್ಗದ ರಾಟೆಗೆ ಮಾವನವರು ಬಳಸಿದುದು ಸವೆದುಹೋದ ಒಂದು ಮರದ ಬಾಬಿನ್ ತುಂಡನ್ನು. ತೆರೆಯನ್ನು ಪೂರ್ತಿ ಮೇಲಕ್ಕೆಳೆದರೆ ನಾಲ್ಕಡಿಯ ತೆರೆಯು ಒಂದು ಗೇಣಿಗಿಂತ ಕಡಮೆ ಸ್ಥಳದಲ್ಲಿ ಅಡಗುತ್ತದೆ. ಹಗ್ಗದ ತುದಿಯನ್ನು ಮಾತ್ರ ಎತ್ತರದ ಗೂಟಕ್ಕೆ ಸುತ್ತಿಡಬೇಕು; ತೂಗುವ ಹಗ್ಗವು ಎಳೆಯ ಮಕ್ಕಳ ಕೊರಳಿಗೆ ಸುತ್ತಿಕೊಂಡು ಅನಾಹುತಗಳಾಗಿರುವುದುಂಟು.

ತೆರೆಯನ್ನು ಮೊದಲು ಕೋಣೆಯ ಒಳಗೆ, ಗಾಜಿನ ಹಿಂದೆ ತೂಗುಹಾಕಿದರು. ಕಣ್ಣಿಗೆ ತಂಪಾಯಿತು, ಆದರೆ ಕೋಣೆಗೆ ತಂಪಾಗಲಿಲ್ಲ. ಸಂಜೆ ಪಟ್ಟಿಯನ್ನು ಮುಟ್ಟಿ ನೋಡಿದರೆ ರೊಟ್ಟಿಯ ಹಂಚಿನಂತೆ ಬಿಸಿ. ಗಾಜನ್ನು ದಾಟಿ ಬಂದ ಬಿಸಿಲನ್ನು ಪಟ್ಟಿಯು ಹೀರಿ ಶಾಖವನ್ನಾಗಿ ಬಿಡುತ್ತದೆ. ಆ ಶಾಖವು ಗಾಜನ್ನು ದಾಟಿ ಹಿಂದಿರುಗಲಾರದು. ಕಳ್ಳನನ್ನು ಹೊಸ್ತಿಲೊಳಗೆ ಬಿಟ್ಟುಕೊಂಡು ಆಮೇಲೆ ಹಿಡಿದಂತಾಯಿತು. ನಾನು ಆಗ ಅಲ್ಲಿಯೇ ಇದ್ದೆ. ಐಹೊಳೆಯ ಜಾಲಂಧ್ರವೂ ಲಾವಂಚದ ತಟ್ಟಿಯೂ ನಿಲ್ಲುತ್ತಿದ್ದುದು ಗೋಡೆಯ ಹೊರಮೈಯಲ್ಲಿ, ಗಾಜಿನ ಹಿಂದೆ ಅಲ್ಲ, ಎಂಬ ಮಾತು ತರಗತಿಯಲ್ಲಿ ಎಷ್ಟೋ ಸಲ ಹಳೆಯ ಶಿಲ್ಪವನ್ನು ಕುರಿತು ಪಾಠ ಹೇಳಿದ ನನಗೆ ಆ ದಿನದವರೆಗೆ ಹೊಳೆದಿರಲಿಲ್ಲ. ಮರುದಿನ ತೆರೆಯನ್ನು ಬಿಚ್ಚಿ, ಹೊರಗೆ ಸೂರಿನ ಕೆಳಗೆ, ಗಾಜಿನಿಂದ ಒಂದು ಗೇಣು ಮುಂದಕ್ಕೆ ಕಟ್ಟಿದೆವು. ಗಾಳಿಗೆ ಬಡಿಯದಂತೆ ಕೆಳಪಟ್ಟಿಯನ್ನು ಎರಡು ಕೊಂಡಿಗಳಿಗೆ ಸಿಕ್ಕಿಸಿದೆವು. ಗಾಜಿನ ಬಾಗಿಲನ್ನು ತೆರೆದಿಟ್ಟೆವು. ಆ ಸಂಜೆ ಪಟ್ಟಿಗಳು ಕಾದುವು, ಆದರೆ ಆ ಕಾವನ್ನು ಹೊರಗಿನ ಗಾಳಿಯೇ ಒಯ್ದಿತು.

ಪಟ್ಟಿಗಳನ್ನು ಎಷ್ಟು ಓರೆ ಮಾಡಬೇಕೆಂಬುದನ್ನು ಸೂರ್ಯನೇ ಹೇಳುತ್ತಾನೆ. ಗೋಕಾಕವು ಭೂಮಧ್ಯರೇಖೆಯಿಂದ ಬಡಗಣಕ್ಕೆ ಸುಮಾರು 16 ಡಿಗ್ರಿಯಲ್ಲಿದೆ. ಆದುದರಿಂದ ವರ್ಷಕ್ಕೆರಡು ಸಲ, ಮೇ ತಿಂಗಳ ಮೊದಲ ವಾರದಲ್ಲಿ ಮತ್ತು ಆಗಸ್ಟ್ ತಿಂಗಳ ಮೊದಲ ವಾರ ಕಳೆಯುವ ಹೊತ್ತಿಗೆ, ನಡುಹಗಲಿನ ಸೂರ್ಯನು ನೇರವಾಗಿ ನೆತ್ತಿಯ ಮೇಲೆ ನಿಲ್ಲುತ್ತಾನೆ. ಇವೆರಡರ ನಡುವಣ ದಿನಗಳಲ್ಲಿ ಅವನು ಬಡಗಣಕ್ಕೆ ಸರಿದಿರುತ್ತಾನೆ. ಡಿಸೆಂಬರಿನ ಕೊನೆಯಲ್ಲಿ ತೆಂಕಣ ದಿಕ್ಕಿನಲ್ಲಿ ಸುಮಾರು 50 ಡಿಗ್ರಿ ಎತ್ತರಕ್ಕೆ ಇಳಿಯುತ್ತಾನೆ. ಎರಡಂಗುಲದ ಪಟ್ಟಿ, ಒಂದೂಮುಕ್ಕಾಲು ಅಂಗುಲದ ಅಂತರವೆಂದರೆ, ಪಟ್ಟಿಗಳು ಮಟ್ಟಸವಾಗಿ ಮಲಗಿದ್ದರೂ ಸುಮಾರು 41 ಡಿಗ್ರಿಗಿಂತ ಎತ್ತರದಿಂದ ಎದುರಾಗಿ ಬರುವ ಬಿಸಿಲೆಲ್ಲ ತಡೆಯಲ್ಪಡುತ್ತದೆ. ತೆಂಕಣ ಕಿಟಕಿಗೆ ಚಳಿಗಾಲದ ನಡುಹಗಲಿನಲ್ಲಿ ಅಷ್ಟೇ ಸಾಕು. ಬಿಸಿಲು ನಿಂತರೂ ಬೀದಿಯು ಕಾಣುತ್ತಲೇ ಇರುತ್ತದೆ. ಪಡುವಣ ಕಿಟಕಿಯ ಮಾತು ಬೇರೆ. ಬೇಸಗೆಯ ಆರಂಭದಲ್ಲಿ ನಾಲ್ಕು ಗಂಟೆಯ ಸೂರ್ಯನು 41 ಡಿಗ್ರಿಗಿಂತ ಕೆಳಕ್ಕೆ ಇಳಿದಿರುತ್ತಾನೆ. ಅವನು ಇಳಿದಂತೆಲ್ಲ ಪಟ್ಟಿಯ ಹೊರ ಅಂಚನ್ನು ಇಳಿಸುತ್ತ ಹೋಗಬೇಕು. ಮುಳುಗುವ ಹೊತ್ತಿಗೆ ತೆರೆಯು ಹೆಚ್ಚುಕಡಮೆ ಮುಚ್ಚಿರುತ್ತದೆ. ಕಲ್ಲಿನ ಜಾಲಂಧ್ರಕ್ಕಿಲ್ಲದ ಗುಣವು ಇದು: ಮರದ ತೆರೆಯು ಗಂಟೆಗಂಟೆಗೂ ಮನುಷ್ಯನ ಮಾತನ್ನು ಕೇಳುತ್ತದೆ.

ಇದನ್ನೆಲ್ಲ ನಾವು ಏಕೆ ಮರೆತೆವು? ಮೈಸೂರು ಸೀಮೆಯಲ್ಲಿ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ಕಾಲಾನಂತರ ದೀಪದ ಹಿಂದೆಯೇ ಬೀಸಣಿಗೆ, ಬೀಸಣಿಗೆಯ ಹಿಂದೆಯೇ ತಂಪುಯಂತ್ರ. ಇವುಗಳನ್ನು ಹಳಿಯುವ ಉದ್ದೇಶ ನನಗಿಲ್ಲ; ನದಿಯ ಬಲವನ್ನು ಮೊದಲೇ ಗಿರಣಿಗೆ ದುಡಿಸಿಕೊಂಡ ಊರಿನ ಕಥೆಯನ್ನು ಹೇಳುತ್ತ ಶಕ್ತಿಯನ್ನು ಹಳಿದರೆ ಅದು ಕೃತಘ್ನತೆಯಾದೀತು. ಆದರೆ ಬಿಸಿಲನ್ನು ಒಳಗೆ ಕರೆದು, ಅನಂತರ ಅದನ್ನು ಹೊರದೂಡಲು ಶಕ್ತಿಯನ್ನು ವೆಚ್ಚ ಮಾಡುವುದು ಜಾಣತನವೆನ್ನಿಸಲಾರದು. ಪೇಟೆಯಲ್ಲಿ ಇಂದು ಪ್ಲಾಸ್ಟಿಕ್ಕಿನ, ಅಲ್ಯೂಮಿನಿಯಂನ ಪಟ್ಟಿತೆರೆಗಳು ಬೇಕಾದಷ್ಟು ದೊರೆಯುತ್ತವೆ. ಆದರೆ ಅವು ಬಹುಮಟ್ಟಿಗೆ ಗಾಜಿನ ಒಳಗೇ ತೂಗುತ್ತವೆ. ನಾವು ಕಳೆದುಕೊಂಡುದು ಆ ಸಾಮಗ್ರಿಯನ್ನಲ್ಲ, ಅದನ್ನು ಎಲ್ಲಿ ನಿಲ್ಲಿಸಬೇಕೆಂಬ ತಿಳಿವಳಿಕೆಯನ್ನು. ಒಂದು ಗೋಡೆಯು ಯಾವ ದಿಕ್ಕಿಗಿದೆ, ಅದರ ಮೇಲೆ ಬಿಸಿಲು ಎಷ್ಟು ಹೊತ್ತಿಗೆ ಬೀಳುತ್ತದೆ, ಒಳಗೆ ಮಲಗುವವರು ಯಾರು, ಇಷ್ಟನ್ನು ಕೇಳಿ ತಿಳಿದು ಅಳತೆಯನ್ನು ತೆಗೆಯುತ್ತಿದ್ದವನು ಬಡಿಗ. ಒಂದೇ ಅಳತೆಯ ಸಾವಿರ ಕಿಟಕಿಗಳನ್ನು ಮಾಡುವ ಯಂತ್ರವು ಈ ಪ್ರಶ್ನೆಗಳನ್ನು ಕೇಳಲಾರದು.

ಮನೆಯವರೇ ಕೈಯಾರೆ ಮಾಡಿದಾಗ ಆ ಪ್ರಶ್ನೆಗಳು ತಾವಾಗಿಯೇ ಮರಳಿ ಬರುತ್ತವೆ. ಮಾವನವರ ತೆರೆಯು ಬಹಳ ನಯವಾದುದೆಂದು ನಾನು ಹೇಳಲಾರೆ. ನಾಲ್ಕನೆಯ ಪಟ್ಟಿಯಲ್ಲಿ ಹಳೆಯ ಮೊಳೆಯ ತೂತೊಂದುಂಟು. ಎಡಗಡೆಯ ಏಣಿ ಕೂದಲೆಳೆಯಷ್ಟು ಉದ್ದ. ಏಣಿಯ ದಾರಗಳನ್ನು ಇದುವರೆಗೆ ಎರಡು ಸಲ ಬದಲಾಯಿಸಿದ್ದಾರೆ. ಮರವು ಮೊದಲಿನದೇ ಇದೆ. ಆ ವರ್ಷ ಜೂನ್ ತಿಂಗಳಲ್ಲಿ ಮತ್ತೆ ಹೋದಾಗ ಮಳೆ ಹಿಡಿದಿತ್ತು. ನದಿಯು ಕೆಂಪಾಗಿ ತುಂಬಿ ಧುಮುಕುವ ಸದ್ದು ಮನೆಯವರೆಗೂ ಕೇಳಿಸುತ್ತಿತ್ತು. ಅತ್ತೆಯವರು ಕಿಟಕಿಯ ಪಕ್ಕದಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದರು. ಹಗ್ಗವನ್ನು ಕೊಂಚ ಸಡಿಲಿಸಿ ಪಟ್ಟಿಗಳನ್ನು ಮಟ್ಟಸ ಮಾಡಿ, ಬೀದಿಯಲ್ಲಿ ಬರುತ್ತಿದ್ದ ನನ್ನನ್ನು ದೂರದಿಂದಲೇ ಗುರುತಿಸಿ ಹೆಸರು ಹಿಡಿದು ಕರೆದರು. ನನಗೆ ಮಾತ್ರ ಹೊರಗಿನಿಂದ ಅವರು ಕಾಣಿಸಲಿಲ್ಲ.

ಮನೆಯನ್ನು ಕಟ್ಟಿಸುವವರೂ ದುರಸ್ತಿ ಮಾಡಿಸುವವರೂ, ತಂಪುಯಂತ್ರದ ಬೆಲೆಯನ್ನು ವಿಚಾರಿಸುವುದಕ್ಕೆ ಮುಂಚೆ, ಒಂದು ದಿನವೆಲ್ಲ ತಮ್ಮ ಪಡುವಣ ಗೋಡೆಯ ಎದುರು ನಿಂತು ಬಿಸಿಲಿನ ನಡಿಗೆಯನ್ನು ನೋಡಬೇಕೆಂದೂ, ಅನಂತರ ಊರಿನಲ್ಲಿ ಒಬ್ಬ ಒಳ್ಳೆಯ ಬಡಿಗನಿದ್ದರೆ ಅವನನ್ನು ಕರೆದು ಕೇಳಬೇಕೆಂದೂ ಬಿನ್ನವಿಸಿಕೊಂಡು ಈ ಮಾತನ್ನು ಮುಗಿಸುತ್ತೇನೆ.